ಕೆಂಚನ ಕೊರಳಪಟ್ಟಿ

ತಿಪ್ಪೇರುದ್ರಪ್ಪನ ಉಡಿದಾರದಲ್ಲಿ ಮೊದಲು ಎರಡೇ ಬೀಗದ ಕೈಗಳಿದ್ದವು. ಒಂದು ಭರಮಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರವಿದ್ದ ಅವನ ಹಿಂಡಿ-ಬೂಸಾ ಅಂಗಡಿಯದು, ಇನ್ನೊಂದು ಮನೆಯ ಬೀರುವಿನದು. ಹೋದ ವರ್ಷದ ಬೇಸಿಗೆಯಿಂದ ಮೂರನೆಯದೊಂದು ಸೇರಿಕೊಂಡಿತ್ತು. ಅದು ನಾಯಿಯದು.

ನಾಯಿಗೆ ಬೀಗ ಹಾಕುವ ಮನೆ ಊರಿನಲ್ಲಿ ತಮ್ಮದೊಂದೇ ಎಂದು ಅವನ ಹೆಂಡತಿ ಏಕಾಂತಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಕಾರಣ ಅವಳಿಗೂ ಗೊತ್ತಿತ್ತು. ಹೋದ ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಗಾಳಿಮಳೆ ಬಂದ ಸಂಜೆ ಕೆಂಚ ಹೆದರಿ, ಕೊರಳಪಟ್ಟಿಯ ಬಕ್ಕಲ್ಲನ್ನೇ ಕಿತ್ತುಕೊಂಡು ಓಡಿಹೋಗಿತ್ತು. ತಿಪ್ಪೇರುದ್ರಪ್ಪ ಅಂಗಡಿ ಮುಚ್ಚಿ ಆರು ದಿನ ಮೊಪೆಡ್ ಮೇಲೆ ಕೆರೆ ಏರಿ, ಹೆದ್ದಾರಿ ಪಕ್ಕದ ಡಾಬಾ, ಕಂಡಕಂಡವರ ತೋಟ ಎಲ್ಲ ಸುತ್ತಿದ. ಏಳನೆಯ ದಿನ ಸಿರಿಗೆರೆ ರಸ್ತೆಯ ಒಂದು ಕಣದಲ್ಲಿ ನಾಯಿ ಸಿಕ್ಕಿತು. ಒಂದು ಕಿವಿ ಹರಿದಿತ್ತು, ಪಕ್ಕೆಲುಬು ಎಣಿಸುವಂತಿದ್ದವು. ಆ ಆರು ದಿನ ಗಂಡ ಸರಿಯಾಗಿ ಉಣ್ಣಲಿಲ್ಲ. ತನಗೆ ಟೈಫಾಯಿಡ್ ಆಗಿದ್ದಾಗಲೂ ಇವನು ಹೊತ್ತುಹೊತ್ತಿಗೆ ಮುದ್ದೆ ನುಂಗಿದವನೇ ಎಂಬುದನ್ನು ಏಕಾಂತಮ್ಮ ಮರೆಯದೆ ನೆನಪಿಟ್ಟುಕೊಂಡಿದ್ದಳು.

ನಾಯಿ ಸಿಕ್ಕ ಮಾರನೆಯ ದಿನವೇ ತಿಪ್ಪೇರುದ್ರಪ್ಪ ಅಗಲವಾದ ನೈಲಾನ್ ಪಟ್ಟಿ ತಂದ. ಬಕ್ಕಲ್ ಇದ್ದರೆ ತಾನೇ ಕಿತ್ತುಹೋಗುವುದು ಎಂದು, ಬಕ್ಕಲ್ಲೇ ಇಲ್ಲದ ಹಾಗೆ, ಚಪ್ಪಲಿ ಹೊಲಿಯುವವನನ್ನು ಮನೆಗೇ ಕರೆಸಿ, ಕೆಂಚನ ಕೊರಳ ಮೇಲೇ ಪಟ್ಟಿಯನ್ನು ಎರಡೆಳೆ ದಾರದಲ್ಲಿ ಹೊಲಿಸಿಬಿಟ್ಟ. ಹಿತ್ತಲಿನ ಶೀಟಿನ ಚಪ್ಪರಕ್ಕೆ ಆಸರೆಯಾಗಿದ್ದ ಕಬ್ಬಿಣದ ಕಂಬಕ್ಕೆ ದಪ್ಪ ಸರಪಳಿ ಬಿಗಿಸಿ, ಅದರ ತುದಿಯನ್ನು ಕೊರಳಪಟ್ಟಿಯ ಬಳೆಗೆ ಸೇರಿಸಿ ಬೀಗ ಹಾಕಿದ. ನಸುಕಿನಲ್ಲಿ, ಹೆಂಡತಿ ಏಳುವ ಮುಂಚೆಯೇ, ಬೀಗ ತೆಗೆದು ಕೆರೆ ಏರಿಯ ಮೇಲೆ ಸುತ್ತಾಡಿಸಿ ತರುವುದು, ಎಂಟು ಗಂಟೆಯವರೆಗೆ ಹಿತ್ತಲಲ್ಲಿ ಬಿಟ್ಟಿರುವುದು, ಅಂಗಡಿಗೆ ಹೋಗುವ ಮುಂಚೆ ಮತ್ತೆ ಬೀಗ. ತಾನು ಮಾಡಿದ ವ್ಯವಸ್ಥೆಯ ಮೇಲೆ ಅವನಿಗೆ ಬಲು ಹೆಮ್ಮೆ.

ಏಕಾಂತಮ್ಮನ ಲೆಕ್ಕ ಬೇರೆ. ಕೆಂಚ ಬಂದು ಆರು ವರ್ಷವಾಗಿತ್ತು, ಅದು ಒಂದು ದಿನವೂ ಹೊಸಿಲು ದಾಟಿರಲಿಲ್ಲ, ಅವಳು ಒಂದು ದಿನವೂ ಅದನ್ನು ಮುಟ್ಟಿರಲಿಲ್ಲ. ಹಿಂಬಾಗಿಲಲ್ಲಿ ನಿಂತು ಎರಡು ಹೊತ್ತು ರೊಟ್ಟಿ ಎಸೆಯುತ್ತಿದ್ದಳು. ಎಸೆದದ್ದು ಎಂದೂ ತಂಗಳಲ್ಲ, ಅವತ್ತಿನದೇ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಮಿಂದು ಪೂಜೆ ಮುಗಿಸದೆ ಬಾಯಿಗೆ ನೀರು ಹಾಕದವಳು ನಾಯಿಯನ್ನು ಇದಕ್ಕಿಂತ ಹತ್ತಿರ ಬಿಟ್ಟುಕೊಳ್ಳುವುದು ಹೇಗೆ ಎಂದು ಅವಳ ಪ್ರಶ್ನೆ.

ಈ ವರ್ಷ ಯುಗಾದಿ ಕಳೆದು ಮೂರು ವಾರಕ್ಕೆ ಮೊದಲ ಗಾಳಿ ಬಂತು. ಹತ್ತು ನಿಮಿಷ ಬೀಸಿ, ನಾಲ್ಕು ಹನಿ ಉದುರಿಸಿ ಹೋಯಿತು. ಅಷ್ಟರಲ್ಲೇ ಕೆಂಚ ಸರಪಳಿ ಜಗ್ಗಿ ಜಗ್ಗಿ ಮುಂಗಾಲಿನ ಉಗುರು ಕಿತ್ತುಕೊಂಡಿತ್ತು. ಅವತ್ತು ಮಗ ರಾಜಶೇಖರನೂ ಮನೆಯಲ್ಲಿದ್ದ. ಅವನು ಹೊಸದುರ್ಗದ ಕಡೆ ಗುಡ್ಡದ ಮೇಲೆ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳಲ್ಲಿ ರಿಪೇರಿ ಕೆಲಸದವನು. ನಾಲ್ಕು ದಿನ ಅಲ್ಲಿ, ಎರಡು ದಿನ ಇಲ್ಲಿ. ಊಟಕ್ಕೆ ಕುಳಿತಾಗ ಸೊಸೆ ಅನುಷಾ ಮಾತು ತೆಗೆದಳು.

"ಮಾವ, ಇವತ್ತೇ ಪಂಚಾಯಿತಿ ಬೋರ್ಡಿಗೆ ಒಂದು ನೋಟೀಸು ಟೈಪ್ ಮಾಡಿ ಅಂಟಿಸಿ ಬಂದೆ. ಗಾಳಿಮಳೆ ಬಂದಾಗ ಸಾಕಿದ ಪ್ರಾಣಿಗಳನ್ನ ಮರಕ್ಕೆ, ಕಬ್ಬಿಣದ ಕಂಬಕ್ಕೆ ಕಟ್ಟಬಾರದು ಅಂತ. ಟೈಪ್ ಮಾಡಿದೋಳ ಮನೇಲೇ ಹಂಗೆ ಕಟ್ಟೀವಿ." ಅವಳು ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸದವಳು. ಟೈಪ್ ಮಾಡಿದ್ದನ್ನು ಓದುವ ಅಭ್ಯಾಸವೂ ಅವಳಿಗಿತ್ತು.

"ಬಿಚ್ಚಿಬಿಟ್ರೆ ಓಡಿಹೋಗ್ತಾನಲ್ಲಮ್ಮ. ಹೋದ ವರ್ಷ ನೋಡಲಿಲ್ವಾ? ಕಟ್ಟಿದ್ರೆ ಕಣ್ಣೆದುರಿಗೆ ಇರ್ತಾನೆ," ಎಂದ ತಿಪ್ಪೇರುದ್ರಪ್ಪ.

"ಕಂಬದ ಮಾತು ಅತ್ಲಾಗಿರಲಿ ಅಪ್ಪ, ಆ ಶೀಟಿನ ಮ್ಯಾಲೆ ಹೇರಿರೋ ಕಲ್ಲು ನೋಡಿದ್ರೆ ನಂಗೆ ಭಯ," ಎಂದ ರಾಜಶೇಖರ. "ಗಾಳಿ ಜಾಸ್ತಿ ಆದ್ರೆ ಅಷ್ಟು ದೊಡ್ಡ ಫ್ಯಾನನ್ನೇ ನಾವು ನಿಲ್ಲಿಸಿಬಿಡ್ತೀವಿ. ಶೀಟಿಗೆ ಬೋಲ್ಟ್ ಹಾಕ್ಸು."

"ನಮ್ಮಪ್ಪನ ಕಾಲದಿಂದ ಕಲ್ಲೇ. ಒಂದು ಶೀಟು ಅಲ್ಲಾಡಿಲ್ಲ. ದುರ್ಗದ ಸೀಮೆಯಾಗೆ ಹುಟ್ಟಿ ಕಲ್ಲು ನಂಬದಿದ್ರೆ ಇನ್ಯಾವುದನ್ನ ನಂಬ್ತೀಯಲೇ?"

ಅನುಷಾ ಸಾರಿನ ಪಾತ್ರೆ ಇಳಿಸಿ ಅತ್ತೆಯ ಕಡೆ ತಿರುಗಿದಳು. "ಬಚ್ಚಲುಮನೆಗೆ ಬಿಡಾಣ ಅತ್ತೆ. ನಮ್ಮನೇಲಿ ಸ್ಲ್ಯಾಬ್ ಹಾಕಿರೋದು ಅದೊಂದಕ್ಕೇ. ಬಾಗಿಲು ಗಟ್ಟಿ ಐತೆ, ಕಿಟಕಿ ಚಿಕ್ಕದು, ಗುಡುಗಿನ ಸದ್ದೂ ಅಷ್ಟು ಕೇಳಲ್ಲ. ಮಳೆ ನಿಂತ ಮ್ಯಾಲೆ ನಾನೇ ತೊಳೀತೀನಿ."

ಏಕಾಂತಮ್ಮ ಮುರಿದ ಮುದ್ದೆಯನ್ನು ತಟ್ಟೆಗೇ ಬಿಟ್ಟಳು. "ನಾನು ಮಿಂದು ಪೂಜೆಗೆ ಕೂರೋ ಮನೆ ಅದು. ನಾಯಿ ಕೂದಲು ತುಳ್ಕೊಂಡು ಬಂದು ಲಿಂಗ ಹಿಡೀಲಾ? ಹಿತ್ತಲದ್ದು ಹಿತ್ತಲದಾಗೇ ಇರಲಿ. ಅದರ ಹೊಟ್ಟೆಗೆ ನಾನು ಕಮ್ಮಿ ಮಾಡಿಲ್ಲ."

ಅದು ನಿಜವೇ. ಅನುಷಾ ಅತ್ತೆಗೆ ಇನ್ನೊಂದು ಸೌಟು ಸಾರು ಬಿಟ್ಟಳು, ಮಾತು ಅಲ್ಲಿಗೆ ಮುಗಿಯಿತು. ಮುಗಿಯಿತು ಎಂದು ಏಕಾಂತಮ್ಮ ತಿಳಿದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಅವಳು ಪೂಜೆಗೆ ಕುಳಿತಿದ್ದಾಗ ವಿಭೂತಿ ಗಟ್ಟಿ ಮುಗಿದುಹೋಗಿತ್ತು. ಹೊಸದನ್ನು ತರಲು ಎದ್ದವಳಿಗೆ ಹಿಂಬಾಗಿಲಿನಿಂದ ಹಿತ್ತಲ ಮೂಲೆಯ ಬಚ್ಚಲುಮನೆ ಕಂಡಿತು. ಬಾಗಿಲಲ್ಲಿ ಸೊಸೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಒಳಗೆ, ನೀರು ಕಾಯಿಸುವ ಹಂಡೆಯ ಪಕ್ಕ, ಗೋಣಿತಾಟಿನ ಮೇಲೆ ಕೆಂಚ ಹಾಯಾಗಿ ರೊಟ್ಟಿ ತಿನ್ನುತ್ತಿತ್ತು.

"ಎಷ್ಟು ದಿನದಿಂದ ನಡೆದೈತೆ ಇದು?"

ಅನುಷಾ ಎದ್ದು ನಿಂತಳು. ಸುಳ್ಳು ಹೇಳುವ ಜಾಯಮಾನ ಅವಳದಲ್ಲ. "ಹನ್ನೊಂದು ದಿನ ಅತ್ತೆ. ನೀವು ಪೂಜೆಗೆ ಕುಂತಾಗ."

"ನಾನು ಕಣ್ಮುಚ್ಚಿದ್ದೇ ತಡ!"

"ಗಾಳಿ ಬಂದ ಹೊತ್ತಿನಾಗೆ ಎಳ್ಕೊಂಡು ಹೋದ್ರೆ ಅವನು ಬರಲ್ಲ ಅತ್ತೆ. ದಿನಾ ಇಲ್ಲೇ ಉಂಡ್ರೆ ಇದು ತನ್ನ ಜಾಗ ಅಂತ ಗೊತ್ತಾಗುತ್ತೆ. ಆಮೇಲೆ ದಿನಾ ನಾನು ತೊಳೆದೇ ಹೋಗೀನಿ."

"ಅದರ ಜಾಗವಂತೆ! ಹಂಗಾರೆ ನನ್ನ ಜಾಗ ಯಾವುದು ಹೇಳವ್ವ. ಆ ಕಂಬದತಾವ ಹೋಗಿ ಕೂರ್ಲಾ? ಹನ್ನೊಂದು ದಿನ ನನ್ನ ಪೂಜೆ ಕೆಡಿಸಿದೀಯ!"

ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ತಿಪ್ಪೇರುದ್ರಪ್ಪ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿಕೊಂಡ. ಹೆಂಡತಿ ಅದನ್ನು ಕಿತ್ತು ಕೆಳಗಿಟ್ಟಳು. ಅವನು ಗಂಟಲು ಸರಿಮಾಡಿಕೊಂಡು, "ಅನುಷಾ, ನಿಮ್ಮತ್ತೆ ಬ್ಯಾಡ ಅಂದ್ಮ್ಯಾಲೆ ಬಿಟ್ಟುಬಿಡಮ್ಮ. ಸರಪಳಿ ಗಟ್ಟಿ ಐತೆ, ಏನೂ ಆಗಲ್ಲ," ಎಂದ.

"ಸರಪಳಿ ಗಟ್ಟಿ ಇರೋದೇ ನಂಗೆ ಭಯ ಮಾವ," ಎಂದಳು ಅನುಷಾ.

ಏಕಾಂತಮ್ಮ ಅವತ್ತು ಹನ್ನೆರಡು ಬಿಂದಿಗೆ ನೀರು ಸುರಿದು ಬಚ್ಚಲು ತಿಕ್ಕಿದಳು, ಎರಡನೆಯ ಸಲ ಮಿಂದಳು, ಎರಡನೆಯ ಸಲ ಪೂಜೆಗೆ ಕುಳಿತಳು. ಮಧ್ಯಾಹ್ನದವರೆಗೆ ಏನೂ ತಿನ್ನಲಿಲ್ಲ. ಮೂರು ದಿನ ಸೊಸೆಯ ಜೊತೆ ನೇರ ಮಾತಿಲ್ಲ. "ನಿಮ್ಮ ಸೊಸೆಗೆ ಹೇಳ್ರಿ, ಹಾಲು ಉಕ್ಕುತೈತೆ" ಎಂದು ಗಂಡನಿಗೆ ಹೇಳುವಳು. ಹಾಲಿನ ಮುಂದೆ ನಿಂತ ಅನುಷಾ, "ಅತ್ತೆಗೆ ಹೇಳ್ರಿ ಮಾವ, ಆರಿಸಿದೀನಿ" ಎನ್ನುವಳು. ನಡುವೆ ಕುಳಿತ ತಿಪ್ಪೇರುದ್ರಪ್ಪ ಇಬ್ಬರಿಗೂ ಹೂಂಗುಟ್ಟಿ ಅಂಗಡಿಗೆ ಬೇಗ ಹೊರಡುವನು. ನಾಲ್ಕನೆಯ ದಿನ ಅನುಷಾ ಅತ್ತೆಗೆ ಇಷ್ಟವೆಂದು ಹುಚ್ಚೆಳ್ಳು ಚಟ್ನಿ ಕುಟ್ಟಿದಳು. ಏಕಾಂತಮ್ಮ ನಾಲ್ಕು ರೊಟ್ಟಿ ತಿಂದು, "ಅದನ್ನ ನಿಲ್ಲಿಸಿದ್ಯಾ?" ಎಂದು ಕೇಳಿದಳು. ಅನುಷಾ ಒರಳು ಒರೆಸುತ್ತಿದ್ದಳು, ಏನೂ ಹೇಳಲಿಲ್ಲ. ಅದನ್ನು ಏಕಾಂತಮ್ಮ ಒಪ್ಪಿಗೆ ಎಂದುಕೊಂಡಳು. ಸೋತವರು ಸುಮ್ಮನಿರುತ್ತಾರೆ ಎಂಬುದು ಅವಳ ಅನುಭವ, ಏಕೆಂದರೆ ಅವಳೆದುರು ಸೋತವನು ನಲವತ್ತು ವರ್ಷದಿಂದ ಸುಮ್ಮನಿದ್ದ.

ಮೇ ತಿಂಗಳ ಎರಡನೆಯ ವಾರ ಹೊಳಲ್ಕೆರೆಯಲ್ಲಿ ತಿಪ್ಪೇರುದ್ರಪ್ಪನ ಅಕ್ಕನ ಮೊಮ್ಮಗಳ ನಿಶ್ಚಿತಾರ್ಥ. ಮಂಡಿನೋವಿನಿಂದ ಏಕಾಂತಮ್ಮ ಹೋಗಲಿಲ್ಲ. ಅವನೊಬ್ಬನೇ ಇಸ್ತ್ರಿ ಪಂಚೆ ಉಟ್ಟು, ಕೆಂಚನಿಗೆ ಎಂದಿನಂತೆ ಬೀಗ ಜಡಿದು, "ಸಂಜೆಗೆ ಬರ್ತೀನಲೇ" ಎಂದು ಹೇಳಿ ಎಂಟರ ಬಸ್ಸು ಹಿಡಿದ. ಹೇಳಿದ್ದು ಹೆಂಡತಿಗೋ ನಾಯಿಗೋ ಎಂದು ಅವಳು ಕೇಳಲು ಹೋಗಲಿಲ್ಲ. ಅನುಷಾ ಹತ್ತಕ್ಕೆ ಪಂಚಾಯಿತಿಗೆ ಹೋದಳು.

ಮೂರು ಗಂಟೆಗೆ ಒಂದು ಎಲೆಯೂ ಅಲ್ಲಾಡದಂತೆ ಸೆಕೆ ಕೂತಿತು. ಮೊದಲು ಮಗನ ಫೋನು ಬಂತು. "ಅವ್ವ, ಇಲ್ಲಿ ಗಾಳಿ ಭಾಳ ಎದ್ದೈತೆ, ಫ್ಯಾನೆಲ್ಲ ನಿಲ್ಲಿಸೀವಿ. ನಿಮ್ಮ ಕಡೀಗೇ ಬರ್ತೈತಂತೆ. ಹೊರಗೆ ಬರಬ್ಯಾಡ." ಅದರ ಬೆನ್ನಿಗೇ ಸೊಸೆಯದು.

"ಅತ್ತೆ, ಕೈಮುಗೀತೀನಿ, ಈಗಲೇ ಕೆಂಚನ್ನ ಬಚ್ಚಲುಮನೆಗೆ ಬಿಡ್ರಿ. ನಾನು ಬರೋಷ್ಟು ಹೊತ್ತಿಲ್ಲ."

"ಶೀಟಿನ ಕೆಳಗೆ ಐತೆ, ನೆನೆಯಲ್ಲ. ನೀನು ಆಫೀಸಿನಾಗೇ ಇರು, ಈ ಗಾಳಿಯಾಗೆ ಬರಬ್ಯಾಡ," ಎಂದು ಏಕಾಂತಮ್ಮ ಫೋನಿಟ್ಟಳು.

ಕೆರೆಯ ಆಚೆ ದಡದಿಂದ ಕೆಂಪು ಧೂಳು ಎದ್ದು ಬಂತು. ಅದು ಕಣ್ಣಿಗೆ ಬೀಳುವುದಕ್ಕೂ ಹಿಂಬಾಗಿಲು ಪಟಾರನೆ ಗೋಡೆಗೆ ಬಡಿಯುವುದಕ್ಕೂ ಸರಿಹೋಯಿತು. ಅಂಗಳದ ಬಿಂದಿಗೆಗಳು ಉರುಳಿಕೊಂಡು ಬೇಲಿ ಸೇರಿದವು. ಏಕಾಂತಮ್ಮ ಬಾಗಿಲು ಹಾಕಲು ಬಂದವಳು ಹಾಗೇ ನಿಂತಳು. ಚಪ್ಪರದ ಶೀಟು ಒಂದು ಕಡೆಯಿಂದ ಮೇಲೆದ್ದು, ಬಿದ್ದು, ಮತ್ತೆ ಏಳುತ್ತಿತ್ತು. ಎದ್ದಾಗಲೆಲ್ಲ ಮೇಲಿನ ಕಲ್ಲುಗಳು ಒಂದೊಂದು ಗೇಣು ಸರಿಯುತ್ತಿದ್ದವು. ಅವಳು ನೋಡುತ್ತಿದ್ದಂತೆಯೇ ಒಂದು ಕಲ್ಲು ಜಾರಿ ಕೆಂಚನ ಬಾಲದ ಪಕ್ಕದಲ್ಲಿ ಬಿದ್ದು ನೆಲದಲ್ಲಿ ಹೂತುಕೊಂಡಿತು. ನಾಯಿ ಸರಪಳಿಯ ಉದ್ದಕ್ಕೂ ಓಡಿ, ಉಸಿರು ಕಟ್ಟಿ, ಹಿಂದಕ್ಕೆ ಬಿದ್ದಿತು. ಎದ್ದು ಅವಳ ಕಡೆಗೆ ನೋಡಿತು. ಬೊಗಳಲೂ ಇಲ್ಲ.

ಆರು ವರ್ಷ ತನ್ನ ಕೈಯ ರೊಟ್ಟಿ ತಿಂದ ಜೀವ ತನ್ನ ಕಣ್ಣೆದುರೇ ಕಲ್ಲಿನ ಕೆಳಗೆ ಸಾಯುತ್ತದೆ ಎಂದು ಏಕಾಂತಮ್ಮನಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಗಂಡನಿಗೆ ಫೋನು ಹಚ್ಚಿದಳು.

"ಏನ್ರಿ, ಬೀಗದ ಕೈ ಎಲ್ಲೈತೆ?"

ಆ ಕಡೆ ಓಲಗದ ಸದ್ದು. "ಉಡಿದಾರದಾಗೆ."

"ಯಾರ ಉಡಿದಾರದಾಗೆ?"

"ನನ್ನದರಾಗೆ ಕಣೇ..." ಎಂದವನು ಗಕ್ಕನೆ ನಿಲ್ಲಿಸಿದ. "ಏಕಾಂತಿ, ಅಲ್ಲಿ ಗಾಳಿ ಬಂತಾ?"

"ಕಲ್ಲು ಬೀಳ್ತಾ ಅವೆ."

"ನೀನು ಹೋಗಬ್ಯಾಡ ಅಲ್ಲಿಗೆ. ಇಲ್ಲ, ಅವನ್ನ ಹೆಂಗಾರ ಮಾಡಿ... ಅಯ್ಯೋ, ನಾನೇನು ಮಾಡಿಬಿಟ್ನೇ!" ಅಷ್ಟಕ್ಕೆ ಲೈನು ಹೋಯಿತು.

ಗಂಡನ ಗೋಳು ಕೇಳುತ್ತ ನಿಲ್ಲುವ ಹೆಂಗಸಲ್ಲ ಅವಳು. ಅಡಿಗೆಮನೆ ಗೋಡೆಯ ಮೇಲಿದ್ದ ಸೊಪ್ಪು ಕೊಯ್ಯುವ ಕುಡುಗೋಲು ತೆಗೆದುಕೊಂಡಳು. ಗೋಣಿಚೀಲವನ್ನು ಗೊಪ್ಪೆ ಮಾಡಿ ತಲೆಯ ಮೇಲೆ ಎಳೆದುಕೊಂಡು ಹಿತ್ತಲಿಗಿಳಿದಳು. ಮಂಡಿನೋವು ಇದೆಯೋ ಇಲ್ಲವೋ ಆಗ ಗೊತ್ತಾಗಲಿಲ್ಲ. ಆಲಿಕಲ್ಲು ಶುರುವಾಗಿತ್ತು, ಬೆನ್ನಿನ ಮೇಲೆ ಪಟಪಟನೆ ಬೀಳುತ್ತಿತ್ತು. ಸರಪಳಿ ಕೀಳುವುದು ಆಗದ ಮಾತು, ಬೀಗ ಒಡೆಯುವುದೂ ಆಗದ ಮಾತು. ಉಳಿದದ್ದು ಕೊರಳಪಟ್ಟಿ ಒಂದೇ. ಅದನ್ನು ಕೊಯ್ಯಬೇಕಾದರೆ ನಾಯಿಯ ಕೊರಳಿಗೆ ಕೈ ಹಾಕಬೇಕು, ಕುಡುಗೋಲನ್ನು ಅದರ ಗಂಟಲ ಹತ್ತಿರ ಇಡಬೇಕು. ಹೆದರಿದ ನಾಯಿ ಕಚ್ಚುತ್ತದೆ. ಅಲ್ಲಾಡಿದರೆ ಗಂಟಲು ಕೊಯ್ದುಹೋಗುತ್ತದೆ.

"ನೋಡು, ನೀನು ಅಲ್ಲಾಡಬ್ಯಾಡ, ನಾನು ನಡುಗಲ್ಲ," ಎಂದಳು. ಕೆಂಚನೊಡನೆ ಅವಳು ಆಡಿದ ಮೊದಲ ಮಾತು ಅದೇ.

ಅದರ ತಲೆಯನ್ನು ಎಡಗೈಯಲ್ಲಿ ಬಳಸಿ ಎದೆಗೆ ಒತ್ತಿಹಿಡಿದಳು. ಎರಡು ಬೆರಳನ್ನು ಪಟ್ಟಿಯ ಒಳಗೆ ತೂರಿಸಿ ಅಲಗಿಗೂ ಕೊರಳಿಗೂ ನಡುವೆ ಅಡ್ಡ ಇಟ್ಟಳು. ಒದ್ದೆ ಕೂದಲ ಕೆಳಗೆ ನಾಯಿಯ ಮೈ ಇಷ್ಟು ಬಿಸಿ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೊಯ್ದಳು, ನೈಲಾನು ಜಾರಿತು. ಮತ್ತೆ ಕೊಯ್ದಳು. ಗಂಡ ಹಾಕಿಸಿದ ಎರಡೆಳೆ ಹೊಲಿಗೆಗೆ ಬಾಯಿತುಂಬ ಬೈದಳು. ನಾಯಿ ಕುಂಯ್‌ಗುಟ್ಟಿತು, ಆದರೆ ಕಚ್ಚಲಿಲ್ಲ, ಅಲ್ಲಾಡಲಿಲ್ಲ. ಐದನೆಯ ಎಳೆತಕ್ಕೆ ಪಟ್ಟಿ ಹರಿಯಿತು. ಅವಳ ತೋರುಬೆರಳು ಕೂಡ ಸ್ವಲ್ಪ ಹರಿಯಿತು.

ಕೆಂಚ ಅವಳ ಕೈಯಿಂದ ಚಂಗನೆ ಹಾರಿತು. ಹೋಯಿತು, ಹೋದ ವರ್ಷದ ಹಾಗೇ ಊರು ಬಿಟ್ಟಿತು ಎಂದುಕೊಂಡಳು. ಬೇಲಿಯ ಗೇಟು ಹಾರುಹೊಡೆದಿತ್ತು. ಆದರೆ ನಾಯಿ ಗೇಟಿನ ಕಡೆ ತಿರುಗಿಯೂ ನೋಡದೆ, ನೆಟ್ಟಗೆ ಬಚ್ಚಲುಮನೆಗೆ ನುಗ್ಗಿ, ಹಂಡೆಯ ಪಕ್ಕದ ಮೂಲೆಯಲ್ಲಿ ಮುದುರಿ ಕುಳಿತಿತು.

ಆಲಿಕಲ್ಲಿನ ಮಳೆಯಲ್ಲಿ ಕುಡುಗೋಲು ಹಿಡಿದು ನಿಂತ ಏಕಾಂತಮ್ಮನಿಗೆ ತಿಳಿಯಬೇಕಾದದ್ದು ತಿಳಿಯಿತು. ಸೊಸೆ ನಿಲ್ಲಿಸಿರಲೇ ಇಲ್ಲ. ಒಂದು ದಿನವೂ ತಪ್ಪಿಸಿರಲಿಲ್ಲ.

"ಕಳ್ಳಿ!" ಎಂದು ಗಟ್ಟಿಯಾಗಿ ಹೇಳಿ ತಾನೂ ಒಳಗೆ ಓಡಿ ಅಗುಳಿ ಹಾಕಿಕೊಂಡಳು. ಹಾಕಿಕೊಂಡ ಮರುಗಳಿಗೆ ಹೊರಗೆ ಚಪ್ಪರ ಕಿತ್ತುಬಂದ ಸದ್ದು. ಶೀಟು ಕರಕರನೆ ಹರಿಯಿತು, ಕಲ್ಲುಗಳು ಒಂದರ ಮೇಲೊಂದು ಧೊಪ್ಪಧೊಪ್ಪನೆ ಬಿದ್ದವು. ಎಷ್ಟು ಕಲ್ಲಿದ್ದವು ಎಂದು ಅವಳಿಗೆ ಗೊತ್ತಿತ್ತು, ಹದಿನಾಲ್ಕು. ಮದುವೆಯಾಗಿ ಬಂದಾಗಿನಿಂದ ನೋಡಿದವು.

ಅರ್ಧ ಗಂಟೆ ಗಾಳಿ ಬಡಿಯಿತು. ಸ್ಲ್ಯಾಬ್ ಅಲ್ಲಾಡಲಿಲ್ಲ. ಮಗುಚಿದ ಬಕೆಟ್ಟಿನ ಮೇಲೆ ಕುಳಿತು ಅವಳು ನಮಃ ಶಿವಾಯ ಹೇಳಿಕೊಳ್ಳುತ್ತಿದ್ದಳು. ಪ್ರತಿ ಗುಡುಗಿಗೂ ಕೆಂಚ ಒಂದೊಂದು ಗೇಣು ಹತ್ತಿರ ಬಂತು. ಕೊನೆಗೆ ತಲೆಯನ್ನು ಅವಳ ಮಡಿಲಲ್ಲಿಟ್ಟು, ಹಣೆಯನ್ನು ಎದೆಯ ಮೇಲಿನ ಲಿಂಗದ ಕರಡಿಗೆಗೆ ಒತ್ತಿಕೊಂಡಿತು. ಅವಳು ತಳ್ಳಲಿಲ್ಲ. ಅದರ ಹರಿದ ಕಿವಿಯ ಮೇಲೆ ಕೈಯಿಟ್ಟುಕೊಂಡು, ನಿಲ್ಲಿಸಿದಲ್ಲಿಂದ ಮಂತ್ರ ಮುಂದುವರಿಸಿದಳು.

ಮಳೆ ಸಣ್ಣಗಾದಾಗ ಅನುಷಾ ಓಡಿಬಂದಳು, ಚಪ್ಪಲಿ ಎಲ್ಲೋ ಬಿಟ್ಟು, ಸೀರೆಯೆಲ್ಲ ಕೆಸರು. ಕೆಂಚ ಮಲಗುತ್ತಿದ್ದ ಜಾಗದಲ್ಲಿ ಕಲ್ಲಿನ ಗುಡ್ಡೆ, ಬಗ್ಗಿದ ಕಂಬ, ಗುಡ್ಡೆಯ ಕೆಳಗಿಂದ ಇಣುಕುವ ಸರಪಳಿ. ಅವಳು "ಅತ್ತೇ!" ಎಂದು ಕಿರುಚಿಕೊಂಡಳು.

"ಇಲ್ಲಿದೀವಿ, ಯಾಕೆ ಬಡ್ಕಂತೀಯ?" ಬಚ್ಚಲಿನಿಂದ ದನಿ ಬಂತು. ಬಾಗಿಲು ತೆರೆಯಿತು. ಅತ್ತೆಯ ಬೆರಳಿಗೆ ಸೆರಗಿನ ಚಿಂದಿ ಸುತ್ತಿತ್ತು. ಸೀರೆಯ ತುಂಬ ಕೆಂಚು ಕೂದಲು.

ಅನುಷಾ ಇಬ್ಬರನ್ನೂ ನೋಡಿ ಗೋಡೆಗೆ ಒರಗಿ ಅತ್ತುಬಿಟ್ಟಳು.

"ಅಳೋದು ಆಮೇಲೆ. ಮೊದಲು ಹೇಳು, ನಿಲ್ಲಿಸು ಅಂದಿದ್ದೆ. ನಿಲ್ಲಿಸಿದ್ಯಾ?"

"ಇಲ್ಲ ಅತ್ತೆ. ಅರ್ಧ ಗಂಟೆ ಮುಂಚೆ ಎದ್ದು, ಮಾವ ಅವನ್ನ ಸುತ್ತಾಡಿಸಿ ತಂದು ಬಿಟ್ಟ ಕೂಡಲೇ ಅಲ್ಲಿ ಉಣ್ಣಿಸಿ, ನೀವು ಏಳೋದರೊಳಗೆ ತೊಳೆದಿಡ್ತಿದ್ದೆ."

"ಒಳ್ಳೇ ಕೆಲಸ ಮಾಡಿದೆ," ಎಂದಳು ಏಕಾಂತಮ್ಮ. "ನಂಗೆ ಸಿಟ್ಟು ಇನ್ನೂ ಐತೆ, ಅದು ಬ್ಯಾರೆ ಮಾತು. ಹೋಗಿ ಒಲೆ ಹಚ್ಚು, ಮೂವರೂ ತೊಯ್ದಿದೀವಿ."

ಅನುಷಾ ಕಣ್ಣೊರೆಸಿಕೊಂಡು ಚಹಾ ಕಾಯಿಸಿದಳು, ಮಂಡಕ್ಕಿ ಒಗ್ಗರಣೆ ಮಾಡಿದಳು. ಬಚ್ಚಲಿಗೆ ಒಣ ಗೋಣಿತಾಟು, ಒಂದು ಬಟ್ಟಲು ನೀರು, ಹಾಲಿನಲ್ಲಿ ನೆನೆಸಿದ ರೊಟ್ಟಿ ಇಟ್ಟು ಬಂದಳು. ದೀಪ ಹಚ್ಚುವ ಹೊತ್ತಿಗೆ, "ಅತ್ತೆ, ಬಚ್ಚಲು ತೊಳೆದುಕೊಡ್ಲಾ? ನಿಮ್ಮ ಪೂಜೆ ಹೊತ್ತಾತು," ಎಂದು ಕೇಳಿದಳು.

"ನಲ್ಲಿತಾವ ಮೈಕೈ ತೊಳ್ಕೊಂಡು ಕೂರ್ತೀನಿ. ಲಿಂಗ ಇರೋದು ನನ್ನ ಕೊರಳಾಗೆ, ಬಚ್ಚಲದಾಗಲ್ಲ." ಹಾಗೆ ಹೇಳಿ ಅವಳು ಒಣಸೀರೆ ಉಟ್ಟು ಪೂಜೆಗೆ ಕುಳಿತಳು. ಅವತ್ತಿನ ಪೂಜೆ ಯಾವತ್ತಿನಷ್ಟೇ ಹೊತ್ತು ನಡೆಯಿತು.

ಏಳು ಗಂಟೆಗೆ ತಿಪ್ಪೇರುದ್ರಪ್ಪ ಯಾರದೋ ಕಾರಿನಲ್ಲಿ ಬಂದಿಳಿದ. ದಾರಿಯಲ್ಲೇ ಸೊಸೆಯ ಫೋನು ಸಿಕ್ಕಿ ಎಲ್ಲ ಕೇಳಿದ್ದ, ಆದರೂ ನೆಟ್ಟಗೆ ಹಿತ್ತಲಿಗೆ ನಡೆದು ಕಲ್ಲಿನ ಗುಡ್ಡೆಯ ಮುಂದೆ ನಿಂತುಬಿಟ್ಟ. ಬಚ್ಚಲಿನ ಬಾಗಿಲ ಸಂದಿಯಲ್ಲಿ ಇಣುಕಿ, ಮಲಗಿದ ನಾಯಿಯ ಹೊಟ್ಟೆ ಏರಿ ಇಳಿಯುವುದನ್ನು ಎಷ್ಟೋ ಹೊತ್ತು ನೋಡಿದ. ತಿರುಗಿ ಬರುವಾಗ ಕೆಸರಿನ ಇಸ್ತ್ರಿ ಪಂಚೆಯಲ್ಲೇ ಹಿಂಬಾಗಿಲ ಮೆಟ್ಟಿಲ ಮೇಲೆ, ಹೆಂಡತಿಯ ಪಕ್ಕ, ಕುಳಿತ.

"ಓಡಿಹೋಗಬಾರದು ಅಂತ ಮಾಡಿದ್ದು ಕಣೇ. ನಾನೇ ಕೊಲ್ತಿದ್ದೆ."

ಬೈಯಲು ಏಕಾಂತಮ್ಮನ ಬಳಿ ಬೇಕಾದಷ್ಟಿತ್ತು, ಆದರೆ ಅವನ ಮುಖ ನೋಡಿ ಅದೆಲ್ಲ ಬೇಡವಾಯಿತು. "ಯಾಕೆ ಮಾಡಿದ್ರಿ ಅಂತ ನಂಗೂ ಗೊತ್ತೈತೆ, ಅದಕ್ಕೂ ಗೊತ್ತೈತೆ. ನಾಳೆ ಕೊರಳಿಗೆ ಬಿಚ್ಚೋ ಅಂಥದ್ದು ತರ್ರಿ. ಅದರ ಮ್ಯಾಲೆ ಅನುಷಾ ಫೋನ್ ನಂಬರ್ ಬರೀತಾಳಂತೆ. ಶೀಟಿಗೆ ಶೇಖರ ಬಂದು ಬೋಲ್ಟ್ ಹಾಕ್ತಾನೆ, ನೀವು ಬಾಯಿ ಹಾಕಬ್ಯಾಡ್ರಿ."

ಅವನು ತಲೆಯಾಡಿಸಿದ. ಒಳಗಿನಿಂದ ಅನುಷಾ ಊಟಕ್ಕೆ ಕರೆದಳು. ಕೆರೆಯ ಕಡೆ ಮತ್ತೆ ಸಣ್ಣಗೆ ಗುಡುಗಿತು. ತಿಪ್ಪೇರುದ್ರಪ್ಪ ಮಂಡಿಗೆ ಕೈಕೊಟ್ಟು ಎದ್ದು, ಪಂಚೆ ಎತ್ತಿ ಕಟ್ಟಿಕೊಂಡು ಬಚ್ಚಲಿನ ಕಡೆ ಎರಡು ಹೆಜ್ಜೆ ಇಟ್ಟ.

"ಎಲ್ಲಿಗೆ ಹೊಂಟ್ರಿ?"

"ಕಾಲು ತೊಳ್ಕಂಬರ್ತೀನಿ. ನೋಡು, ಎಷ್ಟು ಕೆಸರು."

"ಬಚ್ಚಲಿಗೆ ಬ್ಯಾಡ. ಈಗಷ್ಟೇ ಕಣ್ಣು ಹತ್ತೈತೆ, ಎಬ್ಬಿಸಬ್ಯಾಡ್ರಿ," ಎಂದಳು ಏಕಾಂತಮ್ಮ. "ನಲ್ಲಿತಾವ ಹೋಗ್ರಿ."